ಕಾಗದದ ತೂಕ

ಯಾರ ಸಂಬಳ ಎಷ್ಟೆಂದು ನನ್ನನ್ನು ಕೇಳಿ.
ಹದಿನಾಲ್ಕು ವರ್ಷದಿಂದ ಈ ಗಾಜಿನ ಕಪಾಟಿನ ಹಿಂದೆ
ಹಂದಿಮಾಂಸ, ಟರ್ಕಿ, ಚೀಸ್ ಕೊಯ್ದು ತೂಗುತ್ತಿದ್ದೇನೆ.
ಬೆಲೆ ಓದಿ ಆಮೇಲೆ ಬಾಯಿ ತೆರೆಯುವವರು,
ಬಾಯಿ ತೆರೆದು ಆಮೇಲೆ ಬೆಲೆ ಓದುವವರು,
ಓದದೆಯೇ ‘ಅರ್ಧ ಪೌಂಡು’ ಅನ್ನುವವರು.
ಮಿನೆಸೋಟದ ಈ ಗಣಿಯೂರಿನಲ್ಲಿ
ಇರುವುದು ಮೂರೇ ಜಾತಿ.

ಮಾರ್ನಿ ಹಾಲ್ವರ್ಸನ್ ಮೊದಲನೆಯದರಲ್ಲಿದ್ದಳು.
ಕೊಯ್ದುಳಿದ ತುದಿಗಳನ್ನು ಒಟ್ಟು ಸೇರಿಸಿ
ಅಗ್ಗಕ್ಕೆ ಮಾರುತ್ತೇವಲ್ಲ, ಅದೇ ಅವಳ ಭಾನುವಾರ.
ಎಕ್ಸ್-ರೇ ಓದಲು ಸೇರಿದ ಎರಡು ವರ್ಷ
ಅದಕ್ಕೂ ಬರಲಿಲ್ಲ.
ಮೂರನೆಯ ವರ್ಷ, ಮಾರ್ಚಿನಲ್ಲಿ,
ಹಿಮ ಕೊಡವಿಕೊಂಡು ಒಳಬಂದು
ಹುರಿದ ದನದ ಮಾಂಸ ಅರ್ಧ ಪೌಂಡು ಅಂದಳು,
ಕಣ್ಣು ನನ್ನ ಮೇಲೆ, ಬೆಲೆಯ ಮೇಲಲ್ಲ.
ಕಾಲೇಜಿನ ಹೊಳೆಯುವ ಪುಸ್ತಿಕೆ ಹೇಳದ್ದನ್ನು
ತಕ್ಕಡಿ ಹೇಳಿತು.

ಆದರೆ ಪೊಟ್ಟಣಕ್ಕೆ ಚಾಚಿದ್ದು ಎಡಗೈ.
ಬಲಭುಜ ಹೋಯ್ತು ವೆರ್ನಾ, ಅಂದಳು,
ರೋಗಿಗಳನ್ನು ಮಗ್ಗುಲಿಗೆ ಹೊರಳಿಸಿ ಹೊರಳಿಸಿ.
ಅದನ್ನು ಯಾವ ಸಾಲಿನಲ್ಲಿ ಬರೆಯಲಿ?

ಬರೆದದ್ದು ಇಷ್ಟು, ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ:
ಶುಲ್ಕ ಹದಿನೆಂಟು ಸಾವಿರದ ನಾಲ್ಕುನೂರು.
ಪುಸ್ತಕ, ಪರೀಕ್ಷೆ, ಬಿಳಿ ಬೂಟು,
ಎದೆಗೆ ಸಿಕ್ಕಿಸಿಕೊಳ್ಳುವ ವಿಕಿರಣದ ಬಿಲ್ಲೆ.
ಹೋಗಿಬರಲು ದಿನಕ್ಕೆ ಎಂಬತ್ತೆರಡು ಮೈಲಿ;
ಕಾರಿಗೆ ನನ್ನ ಮಗಳಿಗಿಂತ ಹೆಚ್ಚು ವಯಸ್ಸು.
ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಕಲಿಯುವ ದುಡಿಮೆ,
ಅದಕ್ಕೆ ಕೂಲಿ ಇಲ್ಲ.
ಆ ಮೂರು ದಿನ ಇಲ್ಲಿಯ ಕೂಲಿಯೂ ಇಲ್ಲ.
ಒಂದೇ ‘ಇಲ್ಲ’ವನ್ನು ಎರಡು ಸಲ ಕೂಡಿಸಿದೆನೇ ಎಂದು
ಅಳಿಸಿ ಮತ್ತೆ ಬರೆದೆ.

ಆ ಕಡೆ, ಗಂಟೆಗೆ ಮೂವತ್ತಮೂರು ಡಾಲರು.
ಈಗ ಹದಿನಾರೂ ಕಾಲು.
ಕಳೆದರೆ ಹದಿನಾರೂ ಮುಕ್ಕಾಲು,
ಅಂದರೆ ನನ್ನ ಪಕ್ಕದಲ್ಲಿ ಇನ್ನೊಬ್ಬ ವೆರ್ನಾ ನಿಂತು
ನನಗಿಂತ ಅರ್ಧ ಡಾಲರು ಹೆಚ್ಚಿಗೆ ದುಡಿದ ಹಾಗೆ.
ಸ್ವಲ್ಪ ಹೊತ್ತು ಅವಳನ್ನೇ ನೋಡುತ್ತ ಕೂತೆ.
ಅವಳ ಕಾಲೂ ಊದಿಕೊಂಡಿತ್ತು.

ಮೇಜಿನ ಆ ತುದಿಯಲ್ಲಿ ಸಿಲ್ವಿಗೆ ಕಳೆಯುವ ಲೆಕ್ಕ.
ಮೂರರಲ್ಲಿ ಏಳು ಹೋಗಲ್ಲ ಅಮ್ಮ.
ಪಕ್ಕದ ಮನೆಯಿಂದ ಸಾಲ ತಗೋ.
ವಾಪಸು ಯಾವಾಗ ಕೊಡಬೇಕು?
ಲೆಕ್ಕದಲ್ಲಿ ಕೊಡೋದೇ ಬೇಡ, ಬರಿ.
ಹುಬ್ಬೇರಿಸಿದಳು. ಲಹ್ತಿ ಮನೆತನದ ಹುಬ್ಬು ಅದು,
ಬ್ಯಾಂಕನ್ನೂ ಪಾದ್ರಿಯನ್ನೂ ಒಂದೇ ಥರ ನೋಡುತ್ತದೆ.

ಸೀಟು ಹದಿನೆಂಟು, ಅರ್ಜಿ ತೊಂಬತ್ತೊಂದು.
ನನಗೆ ಸಿಕ್ಕಿದೆ.
ಶುಕ್ರವಾರದೊಳಗೆ ಹೂಂ, ಇಲ್ಲವೇ ಉಹೂಂ.

ಗುರುವಾರ ರಾತ್ರಿ ಒಂಬತ್ತು.
ಕೊಯ್ಯುವ ಚಕ್ರ ತೊಳೆದು ಒರೆಸಿ
ಕಾಲೇಜಿನ ಲಕೋಟೆಯನ್ನು ತಕ್ಕಡಿಯ ಮೇಲಿಟ್ಟೆ.
ಪೌಂಡಿಗೆ ಬೆಲೆ ಎಷ್ಟು, ಕೇಳಿತು ಯಂತ್ರ.
ದಿನಕ್ಕೆ ಇನ್ನೂರು ಸಲ ಒತ್ತುವ ಗುಂಡಿ ಒತ್ತಿದೆ,
ಮಾಂಸ ಇಡುವ ಮೊದಲು
ಕಾಗದದ ತೂಕ ಕಳೆಯುವ ಗುಂಡಿ.
ಸೊನ್ನೆ.
ಲಕೋಟೆ ಎತ್ತಿಕೊಂಡೆ.
ಖಾಲಿ ತಟ್ಟೆ ಸೊನ್ನೆಯಿಂದ ಕೆಳಗಿಳಿದು ನಿಂತಿತು,
ಎತ್ತಿಕೊಂಡದ್ದನ್ನು ನಾನು ಮರೆತರೂ
ತಾನು ಮರೆಯುವುದಿಲ್ಲ ಎನ್ನುವಂತೆ.

ಅಷ್ಟರಲ್ಲಿ ಗಾಜು ತಟ್ಟಿದ ಟಾಯ್ವೊ ನೀಮಿ,
ಗಣಿ ಮುಚ್ಚಿದ ಮೇಲೆ ಯಾವಾಗಲೂ ತಡವಾಗಿ ಬರುವವನು.
ಕಾಲು ಪೌಂಡು ಹ್ಯಾಮ್,
ತೆಳ್ಳಗೆ, ಆಚೆಯದು ಕಾಣುವಷ್ಟು ತೆಳ್ಳಗೆ,
ಹಾಗಾದರೆ ಹೋಳು ಜಾಸ್ತಿ ಬರುತ್ತವೆ ಅಂತ ಅವನ ನಂಬಿಕೆ.
ತೊಳೆದ ಚಕ್ರವನ್ನು ಮತ್ತೆ ತಿರುಗಿಸಿದೆ.
ಮೊದಲ ಹೋಳನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.
ನಾರು, ಕೊಬ್ಬಿನ ಬಿಳಿಗೆರೆ,
ಅದರ ಹಿಂದೆ ಮಸುಕಾಗಿ ನನ್ನ ನಾಲ್ಕು ಬೆರಳು.

ಕಾಣಿಸುತ್ತಾ? ಅಂದ ಟಾಯ್ವೊ.
ಹೂಂ, ಅಂದೆ.